ಜಾಸ್ತಿ ಮುಟ್ಟಬಾರದ ಬ್ರೆಡ್

ಕೇಳುಗರೇ, ನಮಸ್ಕಾರ.

ಐರ್ಲೆಂಡಿನ ಕಾರ್ಕ್ ನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ವಾರಕ್ಕೆ ಮೂರು ಸಲ ಸೋಡಾ ಬ್ರೆಡ್ ಮಾಡುತ್ತಿದ್ದರು. ಒಂದು ದಿನ ನಾನೇ ಮಾಡುತ್ತೇನೆ ಅಂತ ಹೊರಟೆ. ಚಪಾತಿ ಹಿಟ್ಟು ನಾದುವ ಹಾಗೆ ಹತ್ತು ನಿಮಿಷ ಚೆನ್ನಾಗಿ ನಾದಿದೆ. ಚಿಕ್ಕಂದಿನಿಂದ ಕೈಗೆ ಬಂದ ಅಭ್ಯಾಸ ಅದು. ಬ್ರೆಡ್ ಕಲ್ಲಾಯಿತು. ಚಾಕು ಇಳಿಯಲಿಲ್ಲ. ಅಜ್ಜಿ ಅದನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟೊಂದು ಮುಟ್ಟಬಾರದು ಮಗಳೇ" ಅಂದರು. ಹಿಟ್ಟಿನ ಡಬ್ಬಿ ಮತ್ತೆ ತೆರೆದರು.

ಬೇಕಾದ್ದು ನಾಲ್ಕೇ ಸಾಮಾನು. ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ. ಈಸ್ಟ್ ಇಲ್ಲ, ಉಬ್ಬಲಿ ಅಂತ ಗಂಟೆಗಟ್ಟಲೆ ಕಾಯುವುದೂ ಇಲ್ಲ. ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದ ಕೂಡಲೇ ಗಾಳಿಗುಳ್ಳೆ ಏಳುತ್ತದೆ. ಬ್ರೆಡ್ಡನ್ನು ಉಬ್ಬಿಸುವುದು ಆ ಗುಳ್ಳೆಗಳೇ. ನಾದುತ್ತಾ ಕೂತರೆ ಅವೆಲ್ಲ ಹೊರಟುಹೋಗುತ್ತವೆ, ಹಿಟ್ಟಿಗೆ ಜಿಗುಟು ಬೇರೆ ಬರುತ್ತದೆ. ಚಪಾತಿಗೆ ಬೇಕಾದ ಆ ಜಿಗುಟೇ ಇಲ್ಲಿ ಬೇಡ.

ಐರ್ಲೆಂಡಿನ ತಂಪು ಹವೆಯಲ್ಲಿ, ಸದಾ ಜಿನುಗುವ ಮಳೆಯಲ್ಲಿ ಬೆಳೆಯುವ ಗೋಧಿ ಮೆದು. ಅದರಲ್ಲಿ ಜಿಗುಟು ಕಮ್ಮಿ, ಈಸ್ಟ್ ಬ್ರೆಡ್ಡಿಗೆ ಅಷ್ಟು ಒಗ್ಗುವುದಿಲ್ಲ. 1830ರ ದಶಕದ ಹೊತ್ತಿಗೆ ಸೋಡಾ ಬಂತು. ಹಿಟ್ಟಿಗೆ ತಕ್ಕ ಜೊತೆ ಸಿಕ್ಕಿತು. ಬೆಣ್ಣೆ ಕಡೆದ ಮಜ್ಜಿಗೆ ಅಲ್ಲಿನ ಹಳ್ಳಿಮನೆಗಳಲ್ಲಿ ಹೇಗೂ ಇರುತ್ತಿತ್ತು, ನಮ್ಮ ಮನೆಗಳ ಹಾಗೇ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಆ ಬರದ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ತೀರಿಕೊಂಡರು. ಆಲೂಗಡ್ಡೆಯನ್ನೇ ನಂಬಿದ್ದ ಮನೆಗಳು ಆಮೇಲೆ ಬ್ರೆಡ್ಡಿನ ಕಡೆ ಹೆಚ್ಚು ವಾಲಿದವು.

ಓವನ್ ಬಹಳ ಮನೆಗಳಲ್ಲಿ ಇರಲಿಲ್ಲ. ಇದ್ದದ್ದು ಬ್ಯಾಸ್ಟಿಬಲ್ ಅನ್ನುವ ಎರಕದ ಕಬ್ಬಿಣದ ಪಾತ್ರೆ. ಜೌಗುನೆಲದಲ್ಲಿ ಗಿಡಗಳು ಕೊಳೆತು ಆದ, ಉರಿಯುವ ಮಣ್ಣನ್ನು ಹೆಂಟೆಯಾಗಿ ಕೊಯ್ದು ಒಣಗಿಸಿ ಉರಿಸಿ, ಆ ಬೆಂಕಿಯ ಮೇಲೆ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ನಮ್ಮಲ್ಲಿ ಬಿರಿಯಾನಿಗೆ ದಮ್ ಕೊಡುತ್ತಾರಲ್ವಾ, ಹಾಗೆ.

ಈಗ ಮಾಡುವ ಬಗೆ. ಮೊದಲು ಓವನ್ 230 ಡಿಗ್ರಿಗೆ ಕಾಯಲು ಬಿಡಿ. ಹಿಟ್ಟು ಕಲಸಿದ ಮೇಲೆ ಓವನ್ ಹಚ್ಚುವುದು ಬೇಡ, ಅಷ್ಟರಲ್ಲಿ ಗುಳ್ಳೆ ಸತ್ತಿರುತ್ತದೆ. 450 ಗ್ರಾಂ ಮೈದಾ, ಒಂದು ಚಮಚ ಉಪ್ಪು, ಒಂದು ಮಟ್ಟಸ ಚಮಚ ಸೋಡಾ. ಚಮಚ ಅಂದರೆ ಟೀ ಚಮಚ. ಸೋಡಾವನ್ನು ಜರಡಿ ಹಿಡಿಯಲೇಬೇಕು. ಗಂಟು ಉಳಿದರೆ ಬ್ರೆಡ್ಡಿನಲ್ಲಿ ಹಳದಿ ಕಲೆ, ಬಾಯಿಗೆ ಸೋಪಿನ ರುಚಿ. ಮಜ್ಜಿಗೆ ಸುಮಾರು 350 ಮಿಲಿಲೀಟರ್. ನಾವು ಊಟಕ್ಕೆ ಕುಡಿಯುವ ನೀರು ಮಜ್ಜಿಗೆ ಆಗುವುದಿಲ್ಲ. ಹುಳಿ ಮೊಸರಿಗೆ ಸ್ವಲ್ಪ ನೀರು ಹಾಕಿ ಕಡೆದುಕೊಳ್ಳಿ, ದೋಸೆ ಹಿಟ್ಟಿಗಿಂತ ತೆಳ್ಳಗಿರಲಿ.

ಅಜ್ಜಿಯ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಟ್ಟಿನ ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿದರು. ಐದೂ ಬೆರಳು ಅಗಲಿಸಿ, ಬಗ್ಗದ ಹಾಗೆ ಬಿಗಿಯಾಗಿಟ್ಟು, ಪಾತ್ರೆಯಲ್ಲಿ ಸುತ್ತ ಆಡಿಸಿದರು. ಹಿಸುಕಲಿಲ್ಲ, ಒತ್ತಲಿಲ್ಲ. ಅರ್ಧ ನಿಮಿಷದಲ್ಲಿ ಮುಗಿಯಿತು. ಮುದ್ದೆ ನುಣ್ಣಗಾಗಿರಲಿಲ್ಲ, ಅಲ್ಲಲ್ಲಿ ಒರಟು. ಅದು ಹಾಗೇ ಇರಬೇಕಂತೆ. ಒಣ ಹಿಟ್ಟು ಉದುರಿಸಿ, ಎರಡು ಬೆರಳು ದಪ್ಪಕ್ಕೆ ದುಂಡಗೆ ತಟ್ಟಿದರು. ಚಾಕುವಿನಿಂದ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಆಳವಾದ ಗೀರು ಹಾಕಿದರು. ನಾಲ್ಕು ಭಾಗದಲ್ಲೂ ಚೂರು ಚುಚ್ಚಿದರು, ಒಳಗಿನ ಯಕ್ಷಿಣಿಗಳು ಹೊರಗೆ ಹೋಗಲಿ ಅಂತ. ಅದು ಅಲ್ಲಿನ ಹಳೇ ನಂಬಿಕೆ. ಗೀರಿನಿಂದ ದಪ್ಪ ನಡುಭಾಗಕ್ಕೂ ಕಾವು ಇಳಿಯುತ್ತದೆ.

230ರಲ್ಲಿ 15 ನಿಮಿಷ, ಆಮೇಲೆ 200ಕ್ಕೆ ಇಳಿಸಿ ಇನ್ನು ಅರ್ಧ ಗಂಟೆ. ಬೆಂದಿದೆಯೋ ಇಲ್ಲವೋ ತಿಳಿಯಲು ಬ್ರೆಡ್ಡನ್ನು ತಿರುಗಿಸಿ ತಳಕ್ಕೆ ಬೆರಳಿನಿಂದ ಬಡಿಯಿರಿ, ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ. ಟೊಳ್ಳು ಸದ್ದು ಬಂದರೆ ಆಯಿತು. ಸದ್ದು ಮಂದವಾಗಿದ್ದರೆ ಐದು ನಿಮಿಷ ಮತ್ತೆ ಒಳಗಿಡಿ.

ಓವನ್ ಇಲ್ಲದವರು ಬೇಸರ ಮಾಡಿಕೊಳ್ಳಬೇಡಿ. ಐರ್ಲೆಂಡಿನ ಉತ್ತರ ಭಾಗದಲ್ಲಿ ಇದೇ ಹಿಟ್ಟನ್ನು ತೆಳ್ಳಗೆ ತಟ್ಟಿ, ನಾಲ್ಕು ತುಂಡು ಮಾಡಿ, ಹೆಂಚಿನ ಮೇಲೆ ಬೇಯಿಸುತ್ತಾರೆ. ಆ ತುಂಡಿಗೆ ಫಾರ್ಲ್ ಅಂತ ಹೆಸರು. ಸಣ್ಣ ಉರಿಯಲ್ಲಿ ಎರಡೂ ಕಡೆ ನಿಧಾನಕ್ಕೆ ಬೇಯಲಿ.

ಬೆಂದ ಬ್ರೆಡ್ಡನ್ನು ಅಜ್ಜಿ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡುತ್ತಿದ್ದರು, ಹೊರಪದರ ಮೆತ್ತಗಾಗಲಿ ಅಂತ. ಆ ದಿನ ಆ ಬಿಸಿ ಗಂಟನ್ನು ನನ್ನ ಕೈಗೇ ಕೊಟ್ಟು, ಬೆಣ್ಣೆ ತರಲು ಒಳಗೆ ಹೋದರು.

ನಮಸ್ಕಾರ.