ಯಾವ ಫೋಟೋಗ್ರಫಿ ಪತ್ರಿಕೆ ಓದಬೇಕು?

ಎಲ್ಲರಿಗೂ ನಮಸ್ಕಾರ.

1839ರ ಆಗಸ್ಟ್ 19ರಂದು ಫ್ರಾನ್ಸ್ ಸರ್ಕಾರ ಡಾಗೆರೋಟೈಪ್ ಎಂಬ, ಲೋಹದ ತಗಡಿನ ಮೇಲೆ ಫೋಟೋ ಮೂಡಿಸುವ ಆರಂಭದ ವಿಧಾನವನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಆ ನೆನಪಿನ ವಿಶ್ವ ಛಾಯಾಗ್ರಹಣ ದಿನಕ್ಕೆ ತುಮಕೂರಿನ ಸ್ಟುಡಿಯೊದವರು, ಮದುವೆ ಆರ್ಡರ್ ಮಾಡುವವರು, ಭಾನುವಾರ ಬಂತೆಂದರೆ ದೇವರಾಯನದುರ್ಗದ ಕಡೆ ಹೊರಡುವ ಹವ್ಯಾಸಿಗಳು ಎಲ್ಲರೂ ಬಂದಿದ್ದೀರಿ. ಕಲಿಯುವವರು ಯಾವ ಪತ್ರಿಕೆ ಓದಬೇಕು ಎಂಬುದರ ಬಗ್ಗೆ ಮಾತಾಡಿ ಅಂದಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಿಡಿ ಚಿತ್ರಗಳಿಗಿಂತ, ಒಂದೇ ಕಥೆಯನ್ನು ಹಲವು ಚಿತ್ರಗಳಲ್ಲಿ ಹೇಳುವ ಚಿತ್ರಸರಣಿಗೆ ಹೆಚ್ಚು ಪುಟ ಕೊಡುವ ಪತ್ರಿಕೆಯನ್ನು ಆರಿಸಿಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ 'ಲೈಫ್' ಪತ್ರಿಕೆಯಲ್ಲಿ ಛಾಯಾಗ್ರಾಹಕ ಡಬ್ಲ್ಯು. ಯೂಜೀನ್ ಸ್ಮಿತ್ ಅವರ 'ಕಂಟ್ರಿ ಡಾಕ್ಟರ್' ಸರಣಿ ಬಂತು. ಕೊಲರಾಡೊದ ಕ್ರೆಮ್ಲಿಂಗ್ ಎಂಬ ಸಣ್ಣ ಊರು, ಅಲ್ಲೊಬ್ಬರು ವೈದ್ಯರು, ಅರ್ನೆಸ್ಟ್ ಸೆರಿಯಾನಿ. ಸ್ಮಿತ್ ವಾರಗಟ್ಟಲೆ ಅವರ ಬೆನ್ನ ಹಿಂದೆಯೇ ಓಡಾಡಿದರು. ವೈದ್ಯರಿಗೆ ತಮ್ಮ ಇರವು ರೂಢಿಯಾಗಲಿ ಎಂದು ಶುರುವಿನಲ್ಲಿ ಫಿಲ್ಮ್ ಇಲ್ಲದ ಕ್ಯಾಮೆರಾದಲ್ಲೇ ಕ್ಲಿಕ್ಕಿಸುತ್ತಿದ್ದರಂತೆ. ಕುದುರೆ ಒದ್ದು ತಲೆಗೆ ಪೆಟ್ಟಾದ ಮಗುವಿನ ಮೇಲೆ ಬಾಗಿದ ವೈದ್ಯರ ಮುಖ ನೋಡಿ, ಆಮೇಲೆ ಆಪರೇಷನ್ ಮುಗಿಸಿ ಅಡುಗೆಮನೆಯ ಕಟ್ಟೆಗೆ ಒರಗಿ, ಕಾಫಿ ಬಟ್ಟಲು ಹಿಡಿದು ನಿಂತ ಅದೇ ಮುಖ ನೋಡಿ. ಎರಡನೆಯ ಚಿತ್ರವನ್ನು ಒಂದೇ ಇಟ್ಟರೆ ಯಾರೋ ದಣಿದ ಮನುಷ್ಯ, ಅಷ್ಟೆ. ಮೊದಲಿನ ಪುಟಗಳನ್ನು ದಾಟಿ ಬಂದವರಿಗೆ ಆ ದಣಿವಿನ ಕಾರಣ ಗೊತ್ತಿರುತ್ತದೆ. ಯಾವ ಚಿತ್ರ ಮೊದಲು, ಯಾವುದು ದೊಡ್ಡದು, ಯಾವುದು ಮೂಲೆಯಲ್ಲಿ ಚಿಕ್ಕದು ಎಂಬ ವಿದ್ಯೆ ಇಂಥ ಪುಟಗಳಿಂದಲೇ ಕೈಗೆ ಹತ್ತುವುದು. ಮದುವೆ ಆಲ್ಬಂ ಕಟ್ಟುವವರಿಗೆ ಇದು ದಿನನಿತ್ಯದ ಕೆಲಸ ಅಲ್ಲವೇ?

ನಮ್ಮ ಜಿಲ್ಲೆಗೇ ಬನ್ನಿ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ನೀವೆಲ್ಲ ಹೋಗಿದ್ದೀರಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ನಾವು ತರುವ ಚಿತ್ರಗಳಲ್ಲಿ ಏನಿರುತ್ತದೆ? ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್‌ನಲ್ಲಿ ಹಿಡಿದ ಹಕ್ಕಿ, ಹಿಂದೆ ಮಸುಕಾದ ಹಸಿರು. ಆ ಹಕ್ಕಿ ಯಾವ ಊರಿನದಾದರೂ ಆಗಬಹುದು. ಮರದಡಿಯ ಮನೆ, ಹಿಕ್ಕೆ ಬಿದ್ದ ಅಂಗಳ ಗುಡಿಸುವ ಅಜ್ಜಿ, ಕೆಳಗೆ ಬಿದ್ದ ಮರಿಯನ್ನು ನೋಡುತ್ತ ನಿಂತ ಹುಡುಗ, ಇವರು ಯಾರ ಫ್ರೇಮಿಗೂ ಬರುವುದಿಲ್ಲ. 'ತಿಂಗಳ ಅತ್ಯುತ್ತಮ ಚಿತ್ರ' ಎಂಬ ಪುಟಗಳನ್ನಷ್ಟೇ ನೋಡಿ ಬೆಳೆದ ಕಣ್ಣು ಹಕ್ಕಿಯನ್ನಷ್ಟೇ ಹುಡುಕುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ವಿಷಯದಲ್ಲೂ ಇದೇ ಆಗುತ್ತಿದೆ. ಈ ಮಾತು ನನಗೆ ತುಂಬ ಮುಖ್ಯ.

ಲೆನ್ಸ್, ಕ್ಯಾಮೆರಾ ಬಾಡಿಗಳ ವಿಮರ್ಶೆಗೇ ಅರ್ಧ ಸಂಚಿಕೆ ಮೀಸಲಿಡುವ ಪತ್ರಿಕೆಗಳನ್ನು ಹೊಸ ಕ್ಯಾಮೆರಾ ಕೊಳ್ಳುವ ತಿಂಗಳು ಓದಿ, ಸಾಕು. ಆ ಮಾಹಿತಿ ಬೇಗ ಹಳತಾಗುತ್ತದೆ.

ಇನ್ನು ಕೆಲವು ಹೆಸರು. 1952ರಲ್ಲಿ ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್, ಡೊರೊತಿಯಾ ಲ್ಯಾಂಗ್, ಮೈನರ್ ವೈಟ್ ಮೊದಲಾದವರು ಸೇರಿ ಹುಟ್ಟುಹಾಕಿದ 'ಅಪರ್ಚರ್' ಪತ್ರಿಕೆ ಚಿತ್ರವನ್ನು ಗಂಭೀರವಾಗಿ ಓದಲು ಕಲಿಸುತ್ತದೆ. ಬೆಲೆ ಜಾಸ್ತಿ, ಮೊದಲ ಓದಿಗೆ ಕಷ್ಟವೂ ಹೌದು. ಕಾಡು, ಹಕ್ಕಿಗಳ ಒಲವಿನವರು 1981ರಲ್ಲಿ ಆರಂಭವಾದ 'ಸ್ಯಾಂಕ್ಚುರಿ ಏಷ್ಯಾ' ನೋಡಿ. ಈಗಷ್ಟೇ ಕ್ಯಾಮೆರಾವನ್ನು ತಾವೇ ಹೊಂದಿಸಿಕೊಳ್ಳುವ ಮ್ಯಾನುಯಲ್ ಮೋಡ್‌ಗೆ ಬಂದವರಿಗೆ ಮುಂಬೈಯ 'ಬೆಟರ್ ಫೋಟೋಗ್ರಫಿ'ಯ ಹಳೆಯ ಸಂಚಿಕೆಗಳು ಸಿಕ್ಕರೆ ಬಿಡಬೇಡಿ. ನಮ್ಮ ಬಿಸಿಲು, ನಮ್ಮ ಹಬ್ಬಗಳ ಚಿತ್ರಗಳು ಅದರಲ್ಲಿರುತ್ತವೆ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಕೆಲಸವನ್ನಂತೂ ಹುಡುಕಿ ನೋಡಲೇಬೇಕು. 'ಲೈಫ್'ನಲ್ಲಿ ಅವರ ಚಿತ್ರಗಳು ಬಂದವು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸಾಮಾನ್ಯ ಜನರ ಸಾಮಾನ್ಯ ದಿನಗಳನ್ನು ಅಷ್ಟು ಪ್ರೀತಿಯಿಂದ ತೆಗೆದವರು ನಮ್ಮ ನಾಡಿನವರೇ.

ಅಂಗಡಿಯಲ್ಲಿ ಪತ್ರಿಕೆ ಕೈಗೆತ್ತಿಕೊಂಡಾಗ ಮುಖಪುಟ ಬಿಡಿ, ನಡುವಿನ ಪುಟ ತೆರೆಯಿರಿ. ಒಬ್ಬರದೇ ಐದಾರು ಚಿತ್ರಗಳು ಒಟ್ಟಿಗೆ ಇವೆಯೇ? ಅಡಿಯಲ್ಲಿ ಬರೀ ಶಟರ್ ಸ್ಪೀಡ್, ಐಎಸ್ಒ ಎಂಬ ಕ್ಯಾಮೆರಾ ಲೆಕ್ಕಗಳನ್ನು ಕೊಟ್ಟು ಕೈತೊಳೆದುಕೊಂಡಿದ್ದಾರೆಯೇ, ಆ ಜಾಗದಲ್ಲಿ ಯಾಕೆ ನಿಂತರು, ಎಷ್ಟು ಹೊತ್ತು ಕಾದರು ಎಂದೂ ಬರೆದಿದ್ದಾರೆಯೇ? ಇದ್ದರೆ ಕೊಳ್ಳಿ. ಮನೆಗೆ ತಂದಮೇಲೆ ಅಡಿಬರಹ ಮುಚ್ಚಿ ಚಿತ್ರ ನೋಡಿ. ಕಣ್ಣಿನ ಗುಡ್ಡೆಯಲ್ಲಿ ಹೊಳೆಯುವ ಬೆಳಕಿನ ಆಕಾರ ಗಮನಿಸಿ: ಚೌಕಾಕಾರವಿದ್ದರೆ ಕಿಟಕಿಯೋ, ಬೆಳಕನ್ನು ಮೃದುಗೊಳಿಸುವ ಬಟ್ಟೆಯ ಪೆಟ್ಟಿಗೆಯಾದ ಸಾಫ್ಟ್‌ಬಾಕ್ಸೋ ಇದ್ದೀತು, ದುಂಡಗಿದ್ದರೆ ಬೆಳಕು ಹರಡುವ ಕೊಡೆ, ಅಂದರೆ ಅಂಬ್ರೆಲಾ ಇರಬಹುದು. ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿದರೆ ಬೆಳಕು ಎಲ್ಲಿತ್ತೆಂದು ತಿಳಿಯುತ್ತದೆ. ಮುಂದಿನ ಮುಹೂರ್ತದಲ್ಲಿ ವಧುವನ್ನು ಎಲ್ಲಿ ಕೂರಿಸಬೇಕು ಎಂಬುದಕ್ಕೂ ಇದೇ ಅಭ್ಯಾಸ ನೆರವಾಗುತ್ತದೆ.

ಒಬ್ಬೊಬ್ಬರೇ ಚಂದಾ ಕಟ್ಟುವುದು ಹೊರೆ. ನಾಲ್ಕೈದು ಜನ ಸೇರಿ ಒಂದು ಪತ್ರಿಕೆ ತರಿಸಿ, ಒಂದು ಸ್ಟುಡಿಯೊದಲ್ಲಿ ಇಡಿ, ತಿಂಗಳಿಗೊಂದು ಸಂಜೆ ಒಂದೇ ಸರಣಿಯನ್ನು ಕೂತು ಚರ್ಚಿಸಿ. ನನ್ನ ಹತ್ತಿರವಿದ್ದ ಹಳೆಯ ಸಂಚಿಕೆಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಹೆಸರು ಬರೆದಿಟ್ಟು ಒಯ್ಯಿರಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.