ಗಾಜನ್ನು ಒರೆಸಬೇಡಿ

ಕೇಳುಗರಿಗೆ ನಮಸ್ಕಾರ. ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೊ ಇಟ್ಟುಕೊಂಡಿರುವವರಿಗೆ ಇಂದಿನ ಮಾತು. ಹಿಂಬದಿಯ ಹಲಗೆ ಬಿಚ್ಚಿದಾಗ ಒಳಗಿನ ಗಾಜಿನ ಬುರುಡೆಗಳ, ಅಂದರೆ ವಾಲ್ವುಗಳ, ಮೇಲೆ ಧೂಳು ಕಾಣುತ್ತದೆ. ತಕ್ಷಣ ಒದ್ದೆ ಬಟ್ಟೆ ತರುತ್ತೀರಿ. ದಯವಿಟ್ಟು ಒರೆಸಬೇಡಿ. ವಾಲ್ವಿನ ಹೆಸರನ್ನು ಗಾಜಿನ ಮೇಲೆ ತೆಳುವಾಗಿ ಅಚ್ಚು ಹಾಕಿರುತ್ತಾರೆ. ಧೂಳಿನ ಜೊತೆಗೆ ಅದೂ ಬಟ್ಟೆಗೆ ಬರುತ್ತದೆ.

ಆ ಹೆಸರೇ ವಾಲ್ವಿನ ಜಾತಕ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಅಲ್ಲಿ ತಯಾರಾದ ಇಎಲ್ 84 ನೋಡಿ. 'ಇ' ಎಂದರೆ ಹೀಟರಿಗೆ, ಅಂದರೆ ವಾಲ್ವನ್ನು ಒಳಗಿಂದ ಬಿಸಿ ಮಾಡುವ ತಂತಿಗೆ, 6.3 ವೋಲ್ಟ್. 'ಎಲ್' ಎಂದರೆ ಸ್ಪೀಕರಿಗೆ ಬಲ ಕೊಡುವ ಪೆಂಟೋಡ್, ಅಂದರೆ ಐದು ಎಲೆಕ್ಟ್ರೋಡಿನ ವಾಲ್ವ್. 8 ಎಂದರೆ ಒಂಬತ್ತು ಪಿನ್ನಿನ ಸಣ್ಣ ತಳ. ಎರಡಕ್ಷರ, ಎರಡಂಕಿಯಲ್ಲಿ ಇಷ್ಟೆಲ್ಲ ಇದೆ!

ಒಮ್ಮೆ ಹಿರಿಯರೊಬ್ಬರು ತಂದೆಯವರ ಪೆಟ್ಟಿಗೆಯೊಂದನ್ನು ನನ್ನಲ್ಲಿಗೆ ತಂದರು. ಇಪ್ಪತ್ತಕ್ಕೂ ಹೆಚ್ಚು ವಾಲ್ವುಗಳು, ಎಲ್ಲವೂ ಫಳಫಳ. ಸೋಪಿನ ನೀರಿನಲ್ಲಿ ತೊಳೆದು ತಂದಿದ್ದರು. ಒಂದರ ಮೇಲೂ ಅಕ್ಷರವಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಪೆಟ್ಟಿಗೆಯ ತಳದಲ್ಲಿ, ಕಾಗದದಲ್ಲಿ ಸುತ್ತಿದ್ದ ಒಂದು ಮಾತ್ರ ಸ್ನಾನ ತಪ್ಪಿಸಿಕೊಂಡಿತ್ತು. ಲೋಹದ ಡಬ್ಬಿಯಂಥ ಮೈ, ತಳದಲ್ಲಿ ಒಂಬತ್ತು ತೆಳು ಪಿನ್ನುಗಳು, ಮಾಸಿದ ಒಂದು ಬಾಣದ ಗುರುತು, ಪಕ್ಕದಲ್ಲಿ 'ವಿಆರ್ 91'. ಬಾಣ ಬ್ರಿಟಿಷ್ ಸರ್ಕಾರಿ ಸಾಮಾನಿನ ಗುರುತು. ವಿಆರ್ 91 ಬ್ರಿಟಿಷ್ ವಾಯುಪಡೆ ಇಟ್ಟ ಹೆಸರು. ಅದೇ ವಾಲ್ವಿಗೆ ಮುಂದೆ ಸಿವಿ 1091 ಎಂಬ ಹೆಸರೂ ಬಂತು. ಹುಟ್ಟು ಹೆಸರು ಇಎಫ್ 50, ತವರು ಹಾಲೆಂಡಿನ ಫಿಲಿಪ್ಸ್ ಕಂಪನಿ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಹಾಲೆಂಡಿಗೆ ನುಗ್ಗುವ ಸ್ವಲ್ಪ ಮೊದಲು ಇದರ ದಾಸ್ತಾನು ಇಂಗ್ಲೆಂಡಿಗೆ ಸಾಗಿತು. ಬ್ರಿಟನ್ನಿನ ರಾಡಾರ್ ರಿಸೀವರುಗಳು ಇದನ್ನೇ ನೆಚ್ಚಿದ್ದವು. ಯುದ್ಧ ಕಂಡ ವಾಲ್ವನ್ನು ನಾನು ಅಂಗೈಯಲ್ಲಿ ಹಿಡಿದಿದ್ದೆ! ತೊಳೆದಿದ್ದರೆ ಅದೊಂದು ಹೆಸರಿಲ್ಲದ ಡಬ್ಬಿ. ಉಳಿದವುಗಳ ಗುರುತು ಹಿಡಿಯಲು ನನಗೆ ಎರಡು ವಾರ ಬೇಕಾಯಿತು, ಆರು ಇನ್ನೂ ಅನಾಮಧೇಯವಾಗಿಯೇ ಇವೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಅಕ್ಷರ ಮಾಸಿದ್ದರೆ ಗಾಜಿನ ಮೇಲೆ ಮೆಲ್ಲಗೆ ಬಾಯಿಯಿಂದ ಉಸಿರು ಬಿಡಿ. ಆವಿ ಕೂತಾಗ ಹೆಸರು ಒಂದು ಕ್ಷಣ ಮೂಡುತ್ತದೆ. ಬೆಳಕನ್ನು ಓರೆಯಾಗಿ ಹಿಡಿದು ಓದಿ, ಕೂಡಲೇ ಬರೆದಿಟ್ಟುಕೊಳ್ಳಿ. ಒರೆಸಬೇಡಿ! ಹೆಸರು ಸಿಗದಿದ್ದರೆ ಪಿನ್ನು ಎಣಿಸಿ. ಒಂಬತ್ತು ಪಿನ್ನಿನ ಸಣ್ಣ ವಾಲ್ವಾದರೆ ಬುಡ ಮೇಲಕ್ಕೆ ಹಿಡಿದು, ಪಿನ್ನುಗಳ ನಡುವಿನ ಖಾಲಿ ಜಾಗದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಿ. ಬಹುತೇಕ 4 ಮತ್ತು 5 ಹೀಟರಿನವು. ಒಳಗಿನ ಬೆಳ್ಳಿ ಬಣ್ಣದ ಕಲೆ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ನೀವು ಎಷ್ಟು ಬೇಕಾದರೂ ಒರೆಸಬಹುದಾದ ವಾಲ್ವ್ ಅದೊಂದೇ. ನಮಸ್ಕಾರ.