ಹೊಸ ಟ್ರಸ್ಟಿ ಬಾಯಿ ಬಿಟ್ಟು ಕೇಳಲಿ

ಕೇಳುಗರಿಗೆ ನಮಸ್ಕಾರ.

ನಿಮ್ಮಲ್ಲಿ ಯಾರಾದರೂ ಪಿಂಚಣಿ ನಿಧಿಯ ಟ್ರಸ್ಟಿ ಆಗಿದ್ದರೆ ಮೊದಲ ಸಭೆಯ ದಿನ ನೆನಪಿರುತ್ತದೆ. ವಾರದ ಮೊದಲೇ ದಪ್ಪ ಕಡತ ಬಂದಿರುತ್ತದೆ. ರಾತ್ರಿ ಕೂತು ಓದಿರುತ್ತೀರಿ. ಅರ್ಧ ತಲೆಗೇ ಹತ್ತಿರುವುದಿಲ್ಲ. ಸಭೆಯಲ್ಲಿ ಮೇಜಿನ ಸುತ್ತ ಕೂತವರೆಲ್ಲ ತಲೆಯಾಡಿಸುತ್ತಾರೆ. ನೀವೂ ತಲೆಯಾಡಿಸುತ್ತೀರಿ. ಹೌದಲ್ವಾ?

ಆ ತಲೆಯಾಡಿಸುವ ಚಾಳಿ ಬಿಡಿಸುವುದೇ ನನ್ನ ಕೆಲಸ. ಅನುಭವ ಇರುವ ಒಬ್ಬ ಟ್ರಸ್ಟಿಯನ್ನು ಹೊಸ ಟ್ರಸ್ಟಿಗೆ ಮೆಂಟರ್ ಆಗಿ ಜೊತೆ ಮಾಡಿಕೊಡುವ ಕಾರ್ಯಕ್ರಮವನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಇಂಥದ್ದನ್ನು ನಡೆಸಬೇಕು ಅಂದುಕೊಂಡವರಿಗೆ ನಾನು ಹೇಳುವುದು ಒಂದೇ ಮಾತು. ಮೆಂಟರ್ ಉತ್ತರ ಹೇಳಿಕೊಡಬಾರದು. ಹೊಸಬರು ಸಭೆಯಲ್ಲಿ ಬಾಯಿ ಬಿಟ್ಟು ಕೇಳುವ ಹಾಗೆ ಮಾಡಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಟ್ರಸ್ಟಿ ಕಾಯುವುದು ಬೇರೆಯವರ ಮುಪ್ಪಿನ ದುಡ್ಡನ್ನು. ಇವತ್ತು ಕೆಲಸಕ್ಕೆ ಸೇರಿದ 25 ವರ್ಷದ ಹುಡುಗಿಗೆ ಇನ್ನು 35, 40 ವರ್ಷ ಕಳೆದ ಮೇಲೆ ಕೊಡಬೇಕಾದ ದುಡ್ಡು ಅದು. ಬ್ರಿಟನ್ನಿನಲ್ಲಿ ಪತ್ರಿಕೆಗಳ ದೊರೆ ರಾಬರ್ಟ್ ಮ್ಯಾಕ್ಸ್‌ವೆಲ್ 1991ರಲ್ಲಿ ತೀರಿಕೊಂಡರು. ಆಮೇಲೆ ನೋಡಿದರೆ ಅವರ ಕಂಪನಿಗಳ ಪಿಂಚಣಿ ನಿಧಿಗಳಿಂದ 40 ಕೋಟಿ ಪೌಂಡಿಗೂ ಜಾಸ್ತಿ ಹಣ ಕಾಣೆಯಾಗಿತ್ತು. ಆ ಪೆಟ್ಟಿನ ನಂತರ ಅಲ್ಲಿ 1995ರಲ್ಲಿ ಹೊಸ ಕಾನೂನು ಬಂತು. 2004ರಲ್ಲಿ ಇನ್ನೊಂದು. ಟ್ರಸ್ಟಿಗಳಲ್ಲಿ ಮೂರರಲ್ಲಿ ಒಂದು ಪಾಲಾದರೂ ಸದಸ್ಯರ ಕಡೆಯವರಿರಬೇಕು, ಟ್ರಸ್ಟಿಗೆ ವಿಷಯ ತಿಳಿದಿರಬೇಕು ಅಂತ ಬರೆದರು. ಒಳ್ಳೆಯದೇ ಆಯಿತು. ಆದರೆ ಕಾನೂನು ಟ್ರಸ್ಟಿಯನ್ನು ಕುರ್ಚಿಯಲ್ಲಿ ಕೂರಿಸಬಹುದು ಅಷ್ಟೇ. ಬಾಯಿ ತೆರೆಸಲಾರದು.

ಒಂದು ಘಟನೆ ಹೇಳುತ್ತೇನೆ. ಇದನ್ನು ಎಲ್ಲಿ ಹೋದರೂ ಹೇಳುತ್ತೇನೆ, ಇಲ್ಲೂ ಹೇಳದೆ ಹೋಗಲಾರೆ.

ಕಾರ್ಖಾನೆಯಲ್ಲಿ 20 ವರ್ಷ ಯಂತ್ರದ ಮುಂದೆ ನಿಂತು ದುಡಿದ ಒಬ್ಬ ಹೆಣ್ಣುಮಗಳನ್ನು ಜೊತೆ ಕೆಲಸಗಾರರು ಟ್ರಸ್ಟಿ ಆಗಿ ಆರಿಸಿದ್ದರು. ಮೂರು ಸಭೆ ಮುಗಿದರೂ ಅವರು ಒಂದು ಮಾತಾಡಿರಲಿಲ್ಲ. ಬೇರೆ ನಿಧಿಯಲ್ಲಿ ಒಂಬತ್ತು ವರ್ಷ ಟ್ರಸ್ಟಿ ಆಗಿದ್ದ ಹಿರಿಯರೊಬ್ಬರನ್ನು ಅವರಿಗೆ ಮೆಂಟರ್ ಮಾಡಿದೆ. ಮೊದಲ ಭೇಟಿಗೆ ಆಕೆ ಕಡತವನ್ನೇ ಹೊತ್ತು ತಂದರು. ಹಿರಿಯರು, "ಅದನ್ನು ಚೀಲದಲ್ಲೇ ಇಡಿ. ನಿಮ್ಮ ನಿಧಿಯ ಕಾಗದ ನಾನು ನೋಡುವ ಹಾಗಿಲ್ಲ. ಎಲ್ಲಿ ತಲೆ ಕೆಟ್ಟಿತು, ಹೆಸರು ಲೆಕ್ಕ ಬಿಟ್ಟು ಬಾಯಲ್ಲಿ ಹೇಳಿ" ಅಂದರು.

ಆಕೆ ಸ್ವಲ್ಪ ಹೊತ್ತು ಸುಮ್ನೆ ಕೂತು ಹೇಳಿದರು: "ಹೋದ ವರ್ಷ ನಿಧಿಯಲ್ಲಿ ಕೊರತೆ ಇತ್ತು. ಈ ವರ್ಷ ಇಲ್ಲ ಅಂತಾರೆ. ಒಳಗಿರುವ ದುಡ್ಡು ಹೆಚ್ಚು ಕಡಿಮೆ ಅಷ್ಟೇ ಇದೆ. ಪಿಂಚಣಿ ತಗೊಳ್ಳೋ ಜನಾನೂ ಅಷ್ಟೇ. ಹಾಗಾದ್ರೆ ಕೊರತೆ ಎಲ್ಲಿಗೆ ಹೋಯ್ತು?"

ಹಿರಿಯರಿಗೆ ಉತ್ತರ ಏನಿರಬಹುದು ಅಂತ ಆ ಕ್ಷಣವೇ ಹೊಳೆದಿತ್ತು. ಹೇಳಲಿಲ್ಲ. "ಇದನ್ನೇ ಸಭೆಯಲ್ಲಿ ಕೇಳಿ" ಅಂದರು. ಇನ್ನೂ ಚೆನ್ನಾಗಿ ಬರೆದುಕೊಡಿ ಅಂತ ಆಕೆ ಕೇಳಿಕೊಂಡರು. ಅದಕ್ಕೂ ಒಪ್ಪಲಿಲ್ಲ. ಅದರ ಬದಲು ಎರಡು ಸಲ ಫೋನಿನಲ್ಲಿ ಅಭ್ಯಾಸ ಮಾಡಿಸಿದರು. ಹಿರಿಯರು ಆಕ್ಚುವರಿಯ (ನಿಧಿಯ ಮುಂದಿನ ಲೆಕ್ಕ ಹಾಕಿಕೊಡುವ ತಜ್ಞರ) ಪಾತ್ರ ಹಾಕಿ ಕಷ್ಟದ ಪದ ಉದುರಿಸುವುದು, ಆಕೆ "ನನಗೆ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ" ಅನ್ನುವುದು.

ಸಭೆಯ ದಿನ ಆಕೆ ಕೇಳಿಯೇ ಬಿಟ್ಟರು. ಕೈ ನಡುಗುತ್ತಿತ್ತಂತೆ. ಆಕ್ಚುವರಿ ಕನ್ನಡಕ ತೆಗೆದಿಟ್ಟು ವಿವರಿಸಿದರು. ಮುಂದೆ ಕೊಡಬೇಕಾದ ಪಿಂಚಣಿಗೆ ಇವತ್ತು ಎಷ್ಟು ದುಡ್ಡು ಇರಬೇಕು ಅಂತ ಲೆಕ್ಕ ಹಾಕಲು, ದುಡ್ಡು ವರ್ಷಕ್ಕೆ ಇಷ್ಟು ಬೆಳೆಯುತ್ತದೆ ಅಂತ ಒಂದು ದರ ಹಿಡಿಯುತ್ತಾರೆ. 20 ವರ್ಷದ ಮೇಲೆ 100 ಕೊಡಬೇಕು ಅಂದುಕೊಳ್ಳಿ. ವರ್ಷಕ್ಕೆ ಶೇಕಡಾ 6ರ ದರ ಹಿಡಿದರೆ ಇವತ್ತು ಸುಮಾರು 31 ಇರಬೇಕು. 7 ಹಿಡಿದರೆ ಸುಮಾರು 26 ಸಾಕು. ಆ ವರ್ಷ ದರವನ್ನು ಅರ್ಧ ಶೇಕಡಾ ಏರಿಸಿದ್ದರು. ಕೊರತೆ ಕಾಗದದ ಮೇಲೆ ಕರಗಿತ್ತು. ನಿಧಿಗೆ ಒಂದು ಬಿಡಿಗಾಸೂ ಹೊಸದಾಗಿ ಬಂದಿರಲಿಲ್ಲ.

ಆಗ ಎಲ್ಲರಿಗಿಂತ ಹಳೆಯ ಟ್ರಸ್ಟಿ, "ನನಗೂ ಇದು ಗೊತ್ತಿರಲಿಲ್ಲ" ಅಂದರಂತೆ. ಕೊರತೆ ಇಲ್ಲವಲ್ಲ ಅಂತ, ಮಾಲೀಕರು ನಿಧಿಗೆ ಕಟ್ಟುವ ವಂತಿಗೆ ಇಳಿಸುವ ನಿರ್ಣಯ ಅವತ್ತೇ ಪಾಸಾಗಬೇಕಿತ್ತು. ಅದನ್ನು ಮುಂದೂಡಿದರು. ದರ ಯಾಕೆ ಬದಲಾಯಿತು ಅಂತ ಬರಹದಲ್ಲಿ ಕೊಡಿ, ಹಳೆಯ ದರದ ಲೆಕ್ಕವನ್ನೂ ಪಕ್ಕದಲ್ಲಿಡಿ ಅಂದರು. ದರ ಏರಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೇಳದೆ ಒಪ್ಪುವುದು ತಪ್ಪು. ಆ ಹಿರಿಯರು ಮೊದಲ ದಿನವೇ ಉತ್ತರ ಹೇಳಿಬಿಟ್ಟಿದ್ದರೆ ಆಕೆ ಸಮಾಧಾನವಾಗಿ ಸಭೆಗೆ ಹೋಗಿ ತಲೆಯಾಡಿಸಿ ಬರುತ್ತಿದ್ದರು. ಅದಕ್ಕೇ ಮತ್ತೆ ಮತ್ತೆ ಹೇಳುವುದು, ಉತ್ತರ ಕೊಡಬೇಡಿ, ಕೇಳುವ ಧೈರ್ಯ ಕೊಡಿ.

ಘಟನೆಗೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮೆಂಟರ್ ಬೇರೆ ನಿಧಿಯವರಾಗಿರಲಿ. ಮೊದಲ ವರ್ಷ ನಾನು ಒಂದೇ ಮಂಡಳಿಯವರನ್ನು ಜೊತೆ ಹಾಕಿದ್ದೆ. ಹೊಸಬರು ಹಿರಿಯರ ಮುಖ ನೋಡಿ ಕೈ ಎತ್ತತೊಡಗಿದರು. ಮುಂದಿನ ವರ್ಷವೇ ಅದನ್ನು ನಿಲ್ಲಿಸಿದೆ. ಜೊತೆ ಹಾಕುವ ಮೊದಲು ಇಬ್ಬರಿಗೂ ಒಂದೇ ಸಲಹೆಗಾರ ಇದ್ದಾರೆಯೇ, ಒಬ್ಬರ ಕಂಪನಿ ಇನ್ನೊಬ್ಬರ ನಿಧಿಗೆ ಏನಾದರೂ ಮಾರುತ್ತದೆಯೇ ಅಂತ ವಿಚಾರಿಸಿ. ಹೌದಾದರೆ ಆ ಜೊತೆ ಬೇಡ. ಗುಟ್ಟು ಕಾಯುವ ಒಪ್ಪಂದ ಒಂದು ಪುಟ ಸಾಕು, ಆದರೆ ಇಬ್ಬರ ಸಹಿಯೂ ಇರಲಿ.

ಮೊದಲ ಸಭೆಗಿಂತ ಮೊದಲೇ ಜೊತೆ ಕೊಡಿ. ಬಾಯಿ ಮುಚ್ಚಿ ಕೂರುವುದು ರೂಢಿಯಾದ ಮೇಲೆ ಬಿಡಿಸುವುದು ಬಹಳ ಕಷ್ಟ.

ತರಬೇತಿಯ ದಿನ ಬೇರೆ, ಇದು ಬೇರೆ. ಸ್ಲೈಡ್ ತೋರಿಸುವ ಮೆಂಟರ್‌ಗಳನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ದಯವಿಟ್ಟು ಲ್ಯಾಪ್‌ಟಾಪ್ ಮನೆಯಲ್ಲಿಟ್ಟು ಬನ್ನಿ.

ಕಾರ್ಯಕ್ರಮ ನಡೆಸುವವರಿಗೆ ಒಂದು ಮಾತು. ಉದ್ದನೆಯ ವರದಿ ಕೇಳಬೇಡಿ, ಯಾರೂ ಬರೆಯುವುದಿಲ್ಲ. ಪ್ರತಿ ಸಭೆಯಾದ ವಾರದೊಳಗೆ ಹೊಸ ಟ್ರಸ್ಟಿಗೆ ಫೋನ್ ಮಾಡಿ. "ಈ ಸಲ ಸಭೆಯಲ್ಲಿ ಏನು ಕೇಳಿದಿರಿ?" ಇಷ್ಟೇ ಕೇಳಿ. ಏನೂ ಕೇಳಲಿಲ್ಲ ಅಂತ ಎರಡು ಸಲ ಬಂದರೆ ಮೆಂಟರ್ ಜೊತೆ ಕೂತು ಮಾತಾಡಿ. ಮೂರನೆಯ ಸಲವೂ ಹಾಗೇ ಆದರೆ ಜೊತೆ ಬದಲಿಸಿ. ಯಾರ ತಪ್ಪು ಅಂತ ಹುಡುಕುತ್ತಾ ಕೂರಬೇಡಿ. ಒಂದು ವರ್ಷವಾದ ಮೇಲೆ ಜೊತೆ ಬಿಡಿಸಿ. ಆ ಕಾರ್ಖಾನೆಯ ಹೆಣ್ಣುಮಗಳು ಈಗ ಇಬ್ಬರು ಹೊಸ ಟ್ರಸ್ಟಿಗಳಿಗೆ ಮೆಂಟರ್. ಅವರೂ ಮೊದಲ ಭೇಟಿಯಲ್ಲಿ ಕಡತವನ್ನು ಚೀಲದಲ್ಲೇ ಇಡಿಸುತ್ತಾರೆ.

ನಮಸ್ಕಾರ.